ಲಾಭ ನಿನ್ನದಾದರೆ ಹೊಣೆ ಯಾರದು?



ಉಮರ್ಗಾ, ನಿಲಂಗಾ, ಉದಗೀರದ ಓಣಿಗಳಲ್ಲಿ ಕೂತು ಮೊಬೈಲಿನಲ್ಲೇ ಅಂಗಡಿ ನಡೆಸುತ್ತಿರುವ ನಿನ್ನಂಥ ಹುಡುಗರಿಗೆಲ್ಲ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಪುಣೆಗೋ ಹೈದರಾಬಾದಿಗೋ ಗುಳೆ ಹೋಗದೆ ಊರಲ್ಲೇ ಇದ್ದು ದುಡಿದು ಉಣ್ಣುವ ದಾರಿ ಹುಡುಕಿಕೊಂಡವರು ನೀವು. ಅದು ನನಗೆ ಸಂತೋಷದ ಸಂಗತಿ. ಆದರೆ ಆ ದಾರಿಗಳಲ್ಲಿ ಒಂದು ನನಗೆ ಸರಿ ಕಾಣುತ್ತಿಲ್ಲ. ಒಂದು ಜಾಲತಾಣದಲ್ಲಿ ಮಿಕ್ಸರನ್ನು 2,300 ರೂಪಾಯಿಗೆ ಮಾರಾಟಕ್ಕೆ ಇಟ್ಟಿದ್ದೀಯ ಅನ್ನೋಣ. ಅದೇ ಮಿಕ್ಸರ್ ಇನ್ನೊಂದು ಜಾಲತಾಣದಲ್ಲಿ 1,800ಕ್ಕೆ ಸಿಗುತ್ತಿರುತ್ತದೆ. ಗಿರಾಕಿಯ ಆರ್ಡರ್ ಬಂದ ಮೇಲೆ ನೀನು ಆ ಎರಡನೆಯ ಅಂಗಡಿಯಲ್ಲಿ ಗಿರಾಕಿಯ ವಿಳಾಸವನ್ನೇ ಕೊಟ್ಟು ಕೊಳ್ಳುತ್ತೀಯ. ಸಾಮಾನು ನಿನ್ನ ಕೈಗೆ ಬರುವುದೇ ಇಲ್ಲ. ನಡುವಿನ ಐನೂರರಲ್ಲಿ ಕಮಿಷನ್ ಕಳೆದು ಉಳಿದದ್ದು ನಿನ್ನದು. ಡ್ರಾಪ್ ಶಿಪ್ಪಿಂಗ್ ಎಂಬ ಹೆಸರಿನಲ್ಲಿ, ಬಂಡವಾಳವಿಲ್ಲದ ವ್ಯಾಪಾರವೆಂದು ಇದನ್ನು ಯೂಟ್ಯೂಬಿನಲ್ಲಿ ಕಲಿಸುತ್ತಾರೆ. ಆ ಹೆಸರಿನಡಿ ನಡೆಯುವುದೆಲ್ಲ ತಪ್ಪೆಂದು ನಾನು ಹೇಳುವುದಿಲ್ಲ. ಎದುರಾಳಿ ಚಿಲ್ಲರೆ ಅಂಗಡಿಯಿಂದ, ಅವನಿಗೂ ತಿಳಿಸದೆ ಗಿರಾಕಿಗೂ ತಿಳಿಸದೆ ಮಾಡುವ ಈ ಬಗೆ ತಪ್ಪು. ಇದರ ವಿರುದ್ಧ ಜನ ಸಾಮಾನ್ಯವಾಗಿ ಕೊಡುವ ಕಾರಣಗಳು ಗಟ್ಟಿಯಾಗಿಲ್ಲ, ಹಾಗಾಗಿ ನೀನು ಅವನ್ನು ಸುಲಭವಾಗಿ ತಳ್ಳಿಹಾಕುತ್ತೀಯ. ಗಟ್ಟಿಯಾದ ಕಾರಣ ಬೇರೆ ಇದೆ.

ಮೊದಲು ಎರಡು ಆರೋಪಗಳಿಂದ ನಿನ್ನನ್ನು ಬಿಡಿಸುತ್ತೇನೆ. ಕೈಯಲ್ಲಿಲ್ಲದ ಸಾಮಾನು ಮಾರುವುದೇ ಮೋಸ ಎನ್ನುವವರಿದ್ದಾರೆ. ಅದು ಸರಿಯಲ್ಲ. ಮುಂದೆ ತಯಾರಾಗುವ ಇಲ್ಲವೇ ಮುಂದೆ ಕೊಂಡು ತರಬೇಕಾದ ಸರಕನ್ನು ಮಾರುವ ಒಪ್ಪಂದವನ್ನು 1930ರ ಸರಕು ಮಾರಾಟ ಕಾಯ್ದೆ ಮಾನ್ಯ ಮಾಡಿದೆ. ಬಡಗಿ ಮಂಚಕ್ಕೆ ಮುಂಗಡ ಪಡೆಯುವಾಗ ಕಟ್ಟಿಗೆ ಇನ್ನೂ ಬೇರೆಯವನ ಅಂಗಡಿಯಲ್ಲೇ ಇರುತ್ತದೆ. ಸಾಮಾನು ನಿನ್ನ ಮನೆಗೆ ಬಾರದೆ ನೇರವಾಗಿ ಗಿರಾಕಿಗೆ ಹೋಗುವುದರಲ್ಲೂ ದೋಷವಿಲ್ಲ. ಜಿಎಸ್‌ಟಿಯಲ್ಲಿ ‘ಬಿಲ್ ಟು, ಶಿಪ್ ಟು’ ಎಂಬ ಪದ್ಧತಿಯೇ ಇದೆ: ಸಗಟು ವ್ಯಾಪಾರಿ ನಿನ್ನ ಹೆಸರಿಗೆ ಬಿಲ್ಲು ಮಾಡಿ, ನೀನು ಹೇಳಿದ ವಿಳಾಸಕ್ಕೆ ಸರಕು ಕಳಿಸುತ್ತಾನೆ, ನೀನು ಗಿರಾಕಿಯ ಹೆಸರಿಗೆ ಬೇರೆ ಬಿಲ್ಲು ಮಾಡುತ್ತೀಯ. ಎರಡನೆಯ ಆರೋಪ ಬೆಲೆಯದು. ಕಡಿಮೆಗೆ ಕೊಂಡು ಹೆಚ್ಚಿಗೆ ಮಾರಿದ ಎನ್ನುತ್ತಾರೆ. ಎಲ್ಲ ವ್ಯಾಪಾರವೂ ಅದೇ. ತಾನು ಎಷ್ಟಕ್ಕೆ ಕೊಂಡೆ ಎಂದು ಗಿರಾಕಿಗೆ ಹೇಳುವ ಬಾಧ್ಯತೆ ಯಾವ ಕಿರಾಣಿ ಅಂಗಡಿಯವನಿಗೂ ಇಲ್ಲ. ಡಬ್ಬಿಯ ಮೇಲೆ ಅಚ್ಚಾದ ಎಂಆರ್‌ಪಿ ದಾಟದಿದ್ದರೆ ಬೆಲೆ ಹೇಳುವ ಸ್ವಾತಂತ್ರ್ಯ ನಿನಗಿದೆ.

ಹಾಗಾದರೆ ತಪ್ಪು ಎಲ್ಲಿದೆ? ಅದನ್ನು ನಮ್ಮ ಮೋಂಢಾದಲ್ಲೇ, ಅಂದರೆ ಕಾಳಿನ ಪೇಟೆಯಲ್ಲೇ ನೋಡಬಹುದು. ಲಾತೂರಿನಲ್ಲಿ, ಉದಗೀರದಲ್ಲಿ ತೊಗರಿ, ಸೋಯಾ ಮಾರಾಟ ನಡೆಯುವುದು ಅಡತ್ ಅಂಗಡಿಗಳ ಮೂಲಕ. ಅಡತಿ ದಲ್ಲಾಳಿ, ಮಾಲಿನ ಒಡೆಯನಲ್ಲ. ರೈತನ ತೊಗರಿಯನ್ನು ದಾಲ್ ಮಿಲ್ಲಿನವನಿಗೆ ಮಾರಿಸಿಕೊಟ್ಟು ತನ್ನ ಅಡತ್ ಪಡೆಯುತ್ತಾನೆ. ತೂಕ, ದರ, ಹಮಾಲಿ, ತೋಲಾಯಿ ಎಲ್ಲವೂ ಪಟ್ಟಿಯಲ್ಲಿ ಕಾಣಬೇಕು. ಅವನು ಯಾರಿಗೂ ಹೇಳದೆ ನಡುವೆ ತಾನೇ ಕೊಂಡು ಮಾರಿ ಲಾಭ ಇಟ್ಟುಕೊಂಡರೆ, 1872ರ ಕರಾರು ಕಾಯ್ದೆಯ ಪ್ರಕಾರ ಆ ಲಾಭವನ್ನು ಮಾಲಿನ ಒಡೆಯ ಕೇಳಿ ಪಡೆಯಬಹುದು. ಅದೇ ಪೇಟೆಯಲ್ಲಿ ಸ್ವಂತ ವ್ಯಾಪಾರಿಯೂ ಇದ್ದಾನೆ. ಅವನು ತನ್ನ ದುಡ್ಡಿಗೆ ಕೊಂಡು ತನ್ನ ಹೆಸರಿನಲ್ಲಿ ಮಾರುತ್ತಾನೆ. ಅವನ ಲಾಭವನ್ನು ಯಾರೂ ಕೇಳುವಂತಿಲ್ಲ, ಆದರೆ ಮಾಲು ಹುಳ ಬಿದ್ದರೆ, ತೂಕ ಕಡಿಮೆಯಾದರೆ ಕೊಂಡವನು ಬಂದು ನಿಲ್ಲುವುದು ಅವನ ಕಟ್ಟೆಯ ಮೇಲೇ. ಇವೆರಡೂ ನ್ಯಾಯವಾದ ಕೆಲಸಗಳೇ. ಅಡತಿಗೆ ಹೊಣೆ ಕಡಿಮೆ, ಆದ್ದರಿಂದ ಅವನ ಗಳಿಕೆ ಬಯಲಲ್ಲಿರಬೇಕು. ವ್ಯಾಪಾರಿಯ ಗಳಿಕೆ ಗುಟ್ಟಾಗಿರಬಹುದು, ಯಾಕೆಂದರೆ ಹೊಣೆ ಪೂರಾ ಅವನದು. ನೀನು ಮಾಡುತ್ತಿರುವ ಕೆಲಸದಲ್ಲಿ ಗಳಿಕೆ ವ್ಯಾಪಾರಿಯ ಹಾಗೆ ಗುಟ್ಟಾಗಿದೆ, ಹೊಣೆ ಅಡತಿಯದಕ್ಕಿಂತಲೂ ಕಡಿಮೆಯಾಗಿದೆ. ನನ್ನ ಆಕ್ಷೇಪ ಇಷ್ಟೇ, ಉಳಿದದ್ದೆಲ್ಲ ಇದರಿಂದ ಹುಟ್ಟುವಂಥದ್ದು.

ಪಾರ್ಸೆಲ್ ಗಿರಾಕಿಯ ಮನೆ ಮುಟ್ಟಿದಾಗ ಏನಾಗುತ್ತದೆ ನೋಡು. ಡಬ್ಬಿಯ ಮೇಲೆ ತಾನು ಕೊಳ್ಳದ ಕಂಪನಿಯ ಟೇಪು, ಒಳಗೆ ಬೇರೆ ಅಂಗಡಿಯ ಬಿಲ್ಲು. ಅದರಲ್ಲಿ ಕೊಂಡವನ ಹೆಸರು ನಿನ್ನದು, ಬೆಲೆ ತಾನು ಕೊಟ್ಟದ್ದಲ್ಲ. ಮೂರು ತಿಂಗಳಿಗೆ ಮಿಕ್ಸರಿನ ಮೋಟಾರು ಸುಟ್ಟರೆ ಸರ್ವಿಸ್ ಸೆಂಟರಿನಲ್ಲಿ ಯಾವ ಬಿಲ್ಲು ತೋರಿಸಬೇಕು? ವಾಪಸ್ ಕಳಿಸಬೇಕೆಂದರೆ ಎರಡನೆಯ ಅಂಗಡಿಯ ಲೆಕ್ಕದಲ್ಲಿ ಗಿರಾಕಿ ನೀನು, ನಿನ್ನಿಂದ ಕೊಂಡ ಹೆಣ್ಣುಮಗಳಲ್ಲ. ವಾಪಸಾತಿಯ ಅವಧಿಯೂ ಎರಡು ಕಡೆ ಬೇರೆ ಬೇರೆ ಇರಬಹುದು. ಅವಳ ಹೆಸರು, ಮನೆ ನಂಬರು, ಫೋನ್ ನಂಬರನ್ನು ನೀನು ಅವಳನ್ನು ಕೇಳದೆ ಇನ್ನೊಂದು ಕಂಪನಿಗೆ ಕೊಟ್ಟೂ ಆಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ಮಾರುವವನ ಮೇಲೆ ನೇರವಾದ ಹೊಣೆ ಹೊರಿಸಿವೆ: ಸರಕು ದೋಷದ್ದಾಗಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ, ತಿಳಿಸಿದ ದಿನಕ್ಕಿಂತ ತಡವಾಗಿ ಬಂದರೆ ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ, ದೂರು ಕೇಳುವ ಅಧಿಕಾರಿಯ ಹೆಸರು, ವ್ಯಾಪಾರದ ವಿಳಾಸ ಕೊಡಬೇಕು. ಉಗ್ರಾಣದಲ್ಲಿ ಇನ್ನೆಷ್ಟು ಉಳಿದಿದೆ, ಎಂದು ಹೊರಡುತ್ತದೆ, ಹೇಗೆ ಕಟ್ಟಿದ್ದಾರೆ ಎಂಬ ಯಾವುದೂ ನಿನ್ನ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟು ಹಣ ಪಡೆಯುತ್ತಿದ್ದೀಯ.

ನೂರರಲ್ಲಿ ತೊಂಬತ್ತು ಪಾರ್ಸೆಲ್ ಏನೂ ತಕರಾರಿಲ್ಲದೆ ಮುಟ್ಟುತ್ತವಲ್ಲ ಎನ್ನಬಹುದು. ಮುಟ್ಟಲಿ. ಹೊಣೆಯ ಪರೀಕ್ಷೆಯಾಗುವುದು ಉಳಿದ ಹತ್ತರಲ್ಲಿ, ಆದರೆ ಆ ಹೊಣೆಯ ಹೆಸರಿನಲ್ಲಿ ಲಾಭವನ್ನು ನೀನು ನೂರರ ಮೇಲೂ ಪಡೆದಿರುತ್ತೀಯ. ಎದುರಾಳಿ ಅಂಗಡಿಗೆ ಏನು ನಷ್ಟ, ಅವನಿಗೂ ಮಾರಾಟವಾಯಿತಲ್ಲ ಎಂಬುದು ಇನ್ನೊಂದು ವಾದ. ಅವನು ಮಿಕ್ಸರನ್ನು 1,800ಕ್ಕೆ ಇಟ್ಟದ್ದು ಮನೆಗೆ ಕೊಳ್ಳುವವರಿಗೆಂದು, ತನ್ನ ಅಂಗಡಿಗೆ ಗಿರಾಕಿ ಬಂದು ಒಗ್ಗಿಕೊಳ್ಳಲಿ ಎಂದು. ಮಾರುವುದಕ್ಕಾಗಿ ಕೊಳ್ಳಬಾರದೆಂದು ಹಲವು ಜಾಲತಾಣಗಳ ನಿಯಮವೇ ಇದೆ. ನಿನ್ನ ಗಿರಾಕಿ ವಾಪಸ್ ಮಾಡಿದರೆ ಸಾಗಣೆಯ ಖರ್ಚು ಅವನ ಮೇಲೆ ಬೀಳುತ್ತದೆ, ಲಾಭದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಅಮೆಜಾನ್ ಮತ್ತು ಇಬೇ ಎರಡೂ ಈ ಬಗೆಯನ್ನು ಹೆಸರಿಸಿ ನಿಷೇಧಿಸಿವೆ. ತಯಾರಕರಿಂದ ಇಲ್ಲವೇ ಸಗಟುದಾರರಿಂದ ನೇರ ಕಳಿಸಬಹುದು, ಬೇರೆ ಚಿಲ್ಲರೆ ಅಂಗಡಿಯಲ್ಲಿ ಕೊಂಡು ಅವರಿಂದಲೇ ಗಿರಾಕಿಗೆ ಕಳಿಸುವಂತಿಲ್ಲ. ನೀನು ಇದನ್ನು ಬಿಡಲು ಇನ್ನೂ ಗಂಭೀರವಾದ ಕಾರಣವೊಂದಿದೆ. ಕದ್ದ ಕಾರ್ಡಿನಿಂದ ಒಂದು ಕಡೆ ಕೊಂಡು ಇನ್ನೊಂದು ಕಡೆಯ ಅಮಾಯಕ ಗಿರಾಕಿಗೆ ಕಳಿಸಿ ಶುದ್ಧ ಹಣ ಪಡೆಯುವ ಕಳ್ಳರ ದಾರಿಯೂ ಹೊರಗಿನಿಂದ ಥೇಟ್ ನಿನ್ನ ವ್ಯಾಪಾರದಂತೆಯೇ ಕಾಣುತ್ತದೆ. ನೀನು ಕಳ್ಳನಲ್ಲ ಎಂದು ನನಗೆ ಗೊತ್ತು. ಬ್ಯಾಂಕಿನವರಿಗೆ ಅದನ್ನು ತೋರಿಸಿಕೊಡಲು ನಿನ್ನ ಹತ್ತಿರ ಸರಿಯಾದ ಕಾಗದ ಇರುವುದಿಲ್ಲ.

ಕಾಗದದ ಮಾತು ಬಂದದ್ದರಿಂದ ತೆರಿಗೆಯನ್ನೂ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿದ್ದು ಕರ್ನಾಟಕದ ಗಡಿಯಲ್ಲಿರುವ ನಮಗೆ ಅದು ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ನಮ್ಮ ಬೀಗತನ, ಸಂತೆ, ಜಾತ್ರೆ ಎಲ್ಲ ಭಾಲ್ಕಿ, ಕಮಲನಗರ, ಬಸವಕಲ್ಯಾಣಗಳ ಕಡೆಗೇ. ಆದರೆ ಉದಗೀರದ ನೀನು ಕಮಲನಗರದ ಗಿರಾಕಿಗೆ ಮಾರಿದರೆ ಅದು ಅಂತರರಾಜ್ಯ ವ್ಯಾಪಾರ. ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಯೂ ಜಾಲತಾಣದಲ್ಲಿ ಸರಕು ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಕೊಟ್ಟ ಸಡಿಲಿಕೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಗಡಿ ದಾಟಿದೊಡನೆ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ಈಗ ಮಿಕ್ಸರಿನ ಲೆಕ್ಕ ಹಾಕು. ಅದರ ಮೇಲಿನ ತೆರಿಗೆ ಶೇ 18. ನೀನು ಪಡೆದ 2,300ರಲ್ಲಿ ಸುಮಾರು 351 ರೂಪಾಯಿ ಸರ್ಕಾರದ್ದು. ಸಾಮಾನ್ಯ ಗಿರಾಕಿಯ ಹಾಗೆ ಕೊಂಡದ್ದರಿಂದ 1,800ರ ಬಿಲ್ಲಿನ ಮೇಲೆ ತುಂಬಿದ ತೆರಿಗೆಗೆ ನಿನಗೆ ಜಮಾ ಸಿಗುವುದಿಲ್ಲ. ಐನೂರರಲ್ಲಿ 351 ಹೋದರೆ ಉಳಿದದ್ದು 149, ಅದರಲ್ಲಿ ಜಾಲತಾಣದ ಕಮಿಷನ್ ಹೋಗಬೇಕು. ಅಂದರೆ ತೆರಿಗೆಯನ್ನು ಸರಿಯಾಗಿ ಕಟ್ಟಿದರೆ ಈ ವ್ಯಾಪಾರದಲ್ಲಿ ಕೈಗೆ ಹತ್ತುವುದು ಹೆಚ್ಚುಕಡಿಮೆ ಏನೂ ಇಲ್ಲ. ಲಾಭ ಕಾಣುತ್ತಿದೆಯೆಂದರೆ ಅದು ಬಹಳ ಸಲ ಕಟ್ಟದೆ ಉಳಿದ ತೆರಿಗೆಯೇ. ಜಾಲತಾಣದವರು ನಿನ್ನ ಪ್ರತಿ ಮಾರಾಟದ ಮೇಲೆ ಟಿಸಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ವರದಿ ಕೊಡುತ್ತಾರೆ. ಮಾರಾಟ ಅಲ್ಲಿ ದಾಖಲಾಗುತ್ತದೆ, ಖರೀದಿ ನಿನ್ನ ಜಿಎಸ್‌ಟಿ ಲೆಕ್ಕದಲ್ಲಿ ಕಾಣುವುದಿಲ್ಲ.

ಮೀಶೊದಲ್ಲಿ ನಮ್ಮ ಅಕ್ಕತಂಗಿಯರು ಮಾಡಿದ್ದೂ ಇದೇ ಅಲ್ಲವೇ ಎಂದು ನೀನು ಕೇಳುವುದು ನ್ಯಾಯ. ಅಲ್ಲ. 2015ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ ಬೆಳೆದದ್ದು ವಾಟ್ಸ್ಆ್ಯಪಿನಲ್ಲಿ ಸೀರೆ, ಕುರ್ತಾಗಳ ಚಿತ್ರ ಹಂಚಿ ಮಾರುವ ಮನೆಯ ಹೆಣ್ಣುಮಕ್ಕಳಿಂದ. ಅಲ್ಲಿಯೂ ಸರಕು ಅವರ ಕೈಗೆ ಬರುತ್ತಿರಲಿಲ್ಲ, ಅಲ್ಲಿಯೂ ಅವರು ತಮ್ಮ ಲಾಭ ಸೇರಿಸಿ ಬೆಲೆ ಹೇಳುತ್ತಿದ್ದರು. ಆದರೆ ಸರಕು ಕಳಿಸುವವನಿಗೆ ಇದು ಮರುಮಾರಾಟ ಎಂದು ಗೊತ್ತಿತ್ತು, ಲಾಭ ಸೇರಿಸುವ ಜಾಗವನ್ನು ಕಂಪನಿಯೇ ಮಾಡಿಕೊಟ್ಟಿತ್ತು, ವಾಪಸಾತಿ ಯಾರ ಕೈಯಲ್ಲಿ ಎಂಬುದು ಮೊದಲೇ ಗೊತ್ತಾಗಿತ್ತು. ಗಿರಾಕಿಗಂತೂ ಮಾರಿದವಳ ಮನೆಯೇ ಗೊತ್ತಿರುತ್ತಿತ್ತು.

ಬೆಲೆಯ ಬಗ್ಗೆ ನಿನ್ನನ್ನು ಮೊದಲೇ ಬಿಡಿಸಿದೆನಾದರೂ ಅಲ್ಲಿ ಒಂದು ಪ್ರಶ್ನೆ ಉಳಿದಿದೆ. ಶರಣರು ಕಾಯಕ ಸಾರಿದ ಬಸವಕಲ್ಯಾಣ ನಮ್ಮ ಮಗ್ಗುಲಿಗೇ ಇರುವಾಗ ಅದನ್ನು ಕೇಳದೆ ಮುಂದೆ ಹೋಗಲಾರೆ. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕತೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅವನ ಹಗ್ಗವನ್ನು ಲಿಂಗವೇ ಹೊತ್ತು ಬಸವಣ್ಣನ ಬಳಿಗೆ ಒಯ್ದು ಹಗ್ಗದ ಬೆಲೆಗೆ ಮೀರಿದ ಹೊನ್ನು ತಂದಾಗ ಚಂದಯ್ಯ ಅದನ್ನು ಒಪ್ಪಲಿಲ್ಲ. ಕೊಟ್ಟವರು ಮನಸಾರೆ ಕೊಟ್ಟಿದ್ದರೂ ಆ ಹಣ ಹಗ್ಗಕ್ಕೆ ಸಂದದ್ದಲ್ಲ ಎಂಬುದು ಅವನ ತಕರಾರು. ಅಷ್ಟು ಕಟ್ಟುನಿಟ್ಟು ಇಂದಿನ ಅಂಗಡಿಗೆ ಆಗಿಬರಲಿಕ್ಕಿಲ್ಲ. ಆದರೆ ಈ ಐನೂರು ಯಾವುದಕ್ಕೆ ಸಂದದ್ದು ಎಂದು ನಿನ್ನನ್ನು ನೀನು ಕೇಳಿಕೊಳ್ಳಬಹುದಲ್ಲ? ಗಿರಾಕಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಫೋನಿನಲ್ಲಿ ವಿವರ ಹೇಳಿದ್ದಕ್ಕೆ, ಹತ್ತು ಮಿಕ್ಸರುಗಳಲ್ಲಿ ಅವಳ ಮನೆಗೆ ಹೊಂದುವುದನ್ನು ಆರಿಸಿ ಕೊಟ್ಟದ್ದಕ್ಕೆ, ಕೆಟ್ಟರೆ ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟದ್ದಕ್ಕೆ ಸಂದಿದ್ದರೆ ಅದು ನಿನ್ನ ಕಾಯಕದ ಹಣ, ತಲೆ ಎತ್ತಿ ತೆಗೆದುಕೋ. ಎರಡನೆಯ ಜಾಲತಾಣವನ್ನು ಅವಳು ನೋಡಿಲ್ಲ ಎಂಬ ಒಂದೇ ಕಾರಣಕ್ಕೆ ಬಂದದ್ದಾದರೆ ಅದರಲ್ಲಿ ನಿನ್ನ ದುಡಿಮೆ ಯಾವುದು?

ದೊಡ್ಡ ಕಂಪನಿಗಳೇ ನಿಯಮ ಪಾಲಿಸುವುದಿಲ್ಲ, ನನಗೆ ಮಾತ್ರ ಯಾಕೆ ಈ ಪಾಠ ಎಂಬ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಕೆಲವೇ ಮಾರಾಟಗಾರರಿಗೆ ಒಳಗಿನಿಂದ ಅನುಕೂಲ ಮಾಡಿಕೊಡುತ್ತಾರೆಂದು ದೆಹಲಿ ವ್ಯಾಪಾರ ಮಹಾಸಂಘ ಕೊಟ್ಟ ದೂರಿನ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಆದೇಶಿಸಿತು. ಆ ಆದೇಶವನ್ನು ಪ್ರಶ್ನಿಸಿದ ಕಂಪನಿಗಳ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ವಜಾ ಮಾಡಿತು. ಸಣ್ಣ ವ್ಯಾಪಾರಿಗಳ ಆ ದೂರಿನ ತಿರುಳು ಏನು? ಹೊರಗೆ ಕಾಣುವ ಅಂಗಡಿಯೇ ಬೇರೆ, ಒಳಗೆ ನಡೆಯುವುದೇ ಬೇರೆ ಎಂಬುದು. ಆ ದೂರನ್ನು ನೀನು ಬೆಂಬಲಿಸುವೆಯಾದರೆ ಅದೇ ಮಾತನ್ನು ನಿನ್ನ ಗಿರಾಕಿ ನಿನಗೆ ಹೇಳುವಂತೆ ನಡೆದುಕೊಳ್ಳಲಾಗದು. ಮೇಲಾಗಿ ನಿನ್ನ ಮಿಕ್ಸರಿಗೆ 500 ಹೆಚ್ಚು ಕೊಟ್ಟವಳು ಆ ಕಂಪನಿಗಳ ಒಡತಿಯಲ್ಲ, ಭಾಲ್ಕಿಯ ಯಾವಳೋ ಗೃಹಿಣಿ.

ಉಳಿದದ್ದು ಬಂಡವಾಳದ ಮಾತು. ಇದೊಂದು ನಿಜವಾದ ಕಷ್ಟ. ನಿಲಂಗಾದ ಬಾಡಿಗೆ ಮನೆಯಲ್ಲಿ ಸಾಮಾನು ತುಂಬಿಡಲು ನಿನಗೆ ಜಾಗವೂ ಇಲ್ಲ, ಹಣವೂ ಇಲ್ಲ. ಆದರೆ ಉಗ್ರಾಣವಿಲ್ಲದೆ ಮಾರಲು ಬೇಕಾದದ್ದು ಸರಕು ಕೊಡುವವನ ಒಪ್ಪಿಗೆ, ಅದಕ್ಕೆ ಹಣ ಬೇಕಿಲ್ಲ. ಉಮರ್ಗಾದಿಂದ ಹೆದ್ದಾರಿ ಹಿಡಿದರೆ ಸೋಲಾಪುರ. ಅಲ್ಲಿಯ ಚಾದರ, ಟವೆಲ್ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಸರಕು. ಈ ಕಡೆ ಬೀದರಿನ ಬಿದ್ರಿ ಕೆಲಸ ಇದೆ, ಮನೆ ಮುಂದೆಯೇ ಉದಗೀರದ ತೊಗರಿ ಬೇಳೆ ಇದೆ. ಬೇಳೆ ಮಾರಬೇಕಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, ಅದೇನು ದೊಡ್ಡದಲ್ಲ. ಸಣ್ಣ ಕಾರಖಾನೆಯವರಿಗೆ ಜಾಲತಾಣದಲ್ಲಿ ಮಾರುವ ಪುರುಸೊತ್ತು ಇರುವುದಿಲ್ಲ. ಚಿತ್ರ ತೆಗೆದು, ವಿವರ ಬರೆದು, ಗಿರಾಕಿಯ ಫೋನ್ ಎತ್ತುವವನು ಅವರಿಗೂ ಬೇಕು. ಪಾರ್ಸೆಲ್ ಮೇಲೆ ಯಾರ ಹೆಸರು, ಬಿಲ್ಲು ಯಾರದು, ವಾಪಸ್ ಬಂದರೆ ಎಷ್ಟು ದಿನದೊಳಗೆ ಯಾರು ತೆಗೆದುಕೊಳ್ಳಬೇಕು, ಸ್ಟಾಕ್ ಮುಗಿದರೆ ಯಾವಾಗ ತಿಳಿಸಬೇಕು ಎಂಬುದನ್ನು ಬರೆಸಿಕೊಂಡು ಸಹಿ ಮಾಡಿಸು. ಲಾಭ ಮೊದಲು ಕಡಿಮೆ ಬರುತ್ತದೆ. ಗಿರಾಕಿ ಎರಡನೆಯ ಸಲ ನಿನ್ನನ್ನೇ ಹುಡುಕಿಕೊಂಡು ಬರುವುದಕ್ಕೆ ಆಗ ಒಂದು ಕಾರಣವಾದರೂ ಇರುತ್ತದೆ, ಈಗ ಅದೂ ಇಲ್ಲ.

ಈ ವಾರವೇ ಮಾಡಬೇಕಾದ ಕೆಲಸವೂ ಇದೆ. ಬೇರೆ ಅಂಗಡಿಯ ಸಾಮಾನನ್ನು ನಂಬಿ ಹಾಕಿರುವ ಪಟ್ಟಿಗಳನ್ನು ಜಾಲತಾಣದಿಂದ ತೆಗೆದುಬಿಡು. ಬಂದ ಆರ್ಡರುಗಳಲ್ಲಿ ಇನ್ನೂ ಕಳಿಸದಿರುವುದನ್ನು ರದ್ದು ಮಾಡಿ ಹಣ ಮರಳಿಸು. ಈಗಾಗಲೇ ಮುಟ್ಟಿಸಿದ ಪಾರ್ಸೆಲ್‌ಗಳ ಗಿರಾಕಿಗಳಿಗೆ ನಿನ್ನ ಹೆಸರಿನ ಬಿಲ್ಲು, ನಿನ್ನ ಫೋನ್ ನಂಬರು ಕಳಿಸು. ಅವರ ವಾಪಸಾತಿಯ ಅವಧಿ ಮುಗಿಯುವವರೆಗೆ ಆ ಲಾಭದ ದುಡ್ಡನ್ನು ಮುಟ್ಟಬೇಡ.

ಇಂತಿ,
ನಿನ್ನ ಕಾಕಾ