ಗೆಂಡದಡ್ಯೆಯ ಪುಡಿ: ಪುಳ್ಳಿಗೆ ಅಜ್ಜಿಯ ಕಿವಿಮಾತು

ಮಗಾ, ನೀನು ವಿಡಿಯೊ ಕಾಲಿನಲ್ಲಿ ತೋರಿಸಿದ ಕೇಕಿನ ಪುಡಿಯ ಡಬ್ಬಿ ನೋಡಿದೆ. ಅಮೆರಿಕದ ಮೆಕಾರ್ಮಿಕ್ ಕಂಪೆನಿ ಅದನ್ನು ಕುಂಬಳಕಾಯಿ ಪೈಗೆಂದು 1934ರಿಂದ ಮಾರುತ್ತಿದೆಯಂತೆ. ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ ಎಂದು ನೀನು ಓದುತ್ತಾ ಹೋದ ಹಾಗೆ ನನಗೆ ನಗು ಬಂತು. ಅದರಲ್ಲಿ ಹೆಚ್ಚಿನದ್ದು ಧರ್ಮಸ್ಥಳದ ಆಚೀಚೆಯ ಅಡಿಕೆ ತೋಟಗಳಲ್ಲೇ ಸಿಗುವ ಸಾಮಾನು. ನಮ್ಮಲ್ಲಿಯೂ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಬೇಯಿಸುವ ಕೇಕ್ ಒಂದುಂಟು, ಕೆಳಗೆ ಕೆಂಡ, ಮೇಲೆ ಕೆಂಡ ಇಟ್ಟು ಮಾಡುವ ಗೆಂಡದಡ್ಯೆ. ಹಿಂದಿನವರು ಅದಕ್ಕೆ ಏಲಕ್ಕಿಗಿಂತ ಹೆಚ್ಚಿನದ್ದೇನೂ ಹಾಕುತ್ತಿರಲಿಲ್ಲ, ಉಳಿದದ್ದು ನನ್ನ ಸೇರಿಕೆ. ನೀನು ಕೇಳಿದ್ದಕ್ಕೆ ಬರೆಯುತ್ತೇನೆ.

• ಅಳತೆ ಮೊದಲು ಹೇಳಿಬಿಡುತ್ತೇನೆ. ಸಿಪ್ಪೆ ಬಿಡಿಸಿದ ಏಲಕ್ಕಿ ಕಾಳು 20 ಗ್ರಾಂ, ದಾಲ್ಚಿನ್ನಿ 15 ಗ್ರಾಂ, ಒಣಶುಂಠಿ 15 ಗ್ರಾಂ, ಲವಂಗ 3 ಗ್ರಾಂ, ಕಾಳುಮೆಣಸು ಹತ್ತು ಕಾಳು, ಜಾಪತ್ರೆ ಎರಡು ಎಸಳು. ಜಾಯಿಕಾಯಿ ಈ ಪಟ್ಟಿಯಲ್ಲಿಲ್ಲ, ಅದರ ವಿಷಯ ಬೇರೆಯೇ ಉಂಟು.

• ಜಾಯಿಕಾಯಿಯನ್ನು ಪುಡಿಯಲ್ಲಿ ಬೆರೆಸಿಡಬೇಡ. ಇಡಿಯಾಗಿಟ್ಟು, ಬೇಕಾದಾಗ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಹಿಟ್ಟಿಗೆ ಹಾಕು. ತೇಯ್ದಿಟ್ಟರೆ ಅದರ ಘಮ ಬೇಗ ಇಳಿಯುತ್ತದೆ. ರುಚಿಯಾಯಿತೆಂದು ಹೆಚ್ಚು ಹಾಕುವ ಸಾಮಾನೂ ಅಲ್ಲ ಅದು, ಮಿತಿ ಮೀರಿದರೆ ತಲೆಸುತ್ತು, ವಾಕರಿಕೆ ಬರುತ್ತದೆ.

• ಊರಿಂದ ಕಳಿಸುವ ಜಾಯಿಕಾಯಿ ನಂಬಬಹುದೋ ಎಂದು ಕೇಳಿದ್ದೆಯಲ್ಲ. ಕಾಯಿ ಬಿರಿಯುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಸರಿಯಾಗಿ ಜಡಿಮಳೆಯಲ್ಲಿ. ನೆಲಕ್ಕೆ ಬಿದ್ದದ್ದನ್ನು ಅದೇ ದಿನ ಹೆಕ್ಕದಿದ್ದರೆ ಬೂಸ್ಟು ಹಿಡಿಯುತ್ತದೆ. ಬಿಸಿಲಿಲ್ಲದ ಆ ತಿಂಗಳುಗಳಲ್ಲಿ ನಾವು ಒಲೆಯ ಮೇಲಿನ ಅಟ್ಟದಲ್ಲಿ ಹರಡಿಡುವುದು. ಕೆಂಪಗೆ ಬಲೆಯ ಹಾಗೆ ಸುತ್ತಿಕೊಂಡ ಜಾಪತ್ರೆಯನ್ನು ಹರಿಯದಂತೆ ಬಿಡಿಸಿ ಬೇರೆ ಒಣಗಿಸಬೇಕು. ಒಣಗುತ್ತಾ ಅದು ಹಳದಿಗೆ ತಿರುಗುತ್ತದೆ, ಹೆದರಬೇಡ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಒಳಗಿನ ತಿರುಳು ಚಿಪ್ಪಿಗೆ ಬಡಿದು ಕಟಕಟ ಅಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಇನ್ನೂ ಅಟ್ಟದಲ್ಲೇ ಇರಲಿ.

• ಅಂಗಡಿಯಲ್ಲಿ ದಾಲ್ಚಿನ್ನಿ ಎಂದು ಕೊಡುವುದರಲ್ಲಿ ಹೆಚ್ಚಿನದ್ದು ಕೇಸಿಯಾ: ದಪ್ಪ, ಗಟ್ಟಿ, ಒಂದೇ ಪದರದ ಚಕ್ಕೆ. ನಿಜವಾದದ್ದು ತೆಳ್ಳಗೆ, ಪದರದೊಳಗೆ ಪದರ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಸಿಹಿಗೆ ಇದೇ ಆಗಬೇಕು. ಕೇಸಿಯಾದಲ್ಲಿ ಕೌಮರಿನ್ ಎಂಬ ಅಂಶ ಹೆಚ್ಚು, ದಿನಾ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ.

• ಲವಂಗವನ್ನು ನೀರಿಗೆ ಹಾಕಿ ನೋಡು. ಮುಳುಗಿದರೆ ಅಥವಾ ನೆಟ್ಟಗೆ ನಿಂತರೆ ಒಳ್ಳೆಯದು. ಅಡ್ಡ ಮಲಗಿ ತೇಲಿದರೆ ಎಣ್ಣೆ ತೆಗೆದ ಜಳ್ಳು.

• ಏಲಕ್ಕಿ ಬೇಕಾದರೆ ಚಾರ್ಮಾಡಿ ಘಾಟಿ ಹತ್ತಿ ಹೋಗುವವರ ಹತ್ತಿರ ಹೇಳಿ ತರಿಸುತ್ತೇನೆ. ಬಿಸಿಲಿಗೆ ಹಾಕಿದರೆ ಹಸಿರು ಬಣ್ಣ ಹೋಗುತ್ತದೆ, ನೆರಳಲ್ಲೇ ಇಡು.

• ಹುರಿಯಬೇಡ ಮಾರಾಯ್ತಿ! ಹುರಿದರೆ ಕೋಳಿಗಸಿಯ ಪರಿಮಳ ಬಂದು ಅಡ್ಯೆಯ ಸಿಹಿ ಕೆಡುತ್ತದೆ. ಏಲಕ್ಕಿ ಬಿಟ್ಟು ಉಳಿದದ್ದನ್ನು ಬಿಸಿಲಿಗಿಟ್ಟರೆ ಸಾಕು. ಊರಲ್ಲಾದರೆ ದೀಪಾವಳಿ ಬರುವ ಬೊಂತೆಲ್ ತಿಂಗಳಲ್ಲೂ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದುಂಟು, ಹನ್ನೆರಡಕ್ಕೆಲ್ಲ ಒಳಗೆ ತರುತ್ತೇವೆ. ನಿನ್ನಲ್ಲಿ ಬಿಸಿಲಿಲ್ಲವಾದರೆ ದೋಸೆ ಮಾಡಿ ಒಲೆ ಆರಿಸಿದ ಕಾವಲಿಯ ಮೇಲೆ ಹತ್ತು ನಿಮಿಷ ಹರಡಿಡು.

• ಒಣಶುಂಠಿಯನ್ನೂ ದಾಲ್ಚಿನ್ನಿಯನ್ನೂ ಮೊದಲು ಕುಟ್ಟಿ ಚೂರು ಮಾಡು, ಇಡಿ ಹಾಕಿದರೆ ಮಿಕ್ಸಿಯ ಬ್ಲೇಡು ಹೋಗುತ್ತದೆ. ಏಲಕ್ಕಿಯನ್ನು ಕೊನೆಗೆ, ಒಂದು ಚಮಚ ಸಕ್ಕರೆಯ ಜೊತೆ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸು, ಬಿಸಿಯಾದರೆ ಘಮವೆಲ್ಲ ಅಡುಗೆಮನೆಯಲ್ಲೇ ಉಳಿಯುತ್ತದೆ. ಜರಡಿ ಹಿಡಿ, ಶುಂಠಿಯ ನಾರು ಬಾಯಿಗೆ ಸಿಗಬಾರದು. ಪೂರ್ತಿ ತಣಿದ ಮೇಲೆಯೇ ಬಾಟ್ಲಿಗೆ ತುಂಬು.

• ಬಾಟ್ಲಿ ಸಣ್ಣದಿರಲಿ, ಒಲೆಯ ಮೇಲಿನ ಕಪಾಟಿನಲ್ಲಿ ಬೇಡ. ಎರಡು ಮೂರು ತಿಂಗಳಿಗೆ ಆಗುವಷ್ಟೇ ಮಾಡು. ವರ್ಷಕ್ಕಾಗುವಷ್ಟು ಮಾಡಿಡುವ ಆಸೆ ಉಪ್ಪಿನಕಾಯಿಗೆ ಇರಲಿ.

• ಇನ್ನು ಅಡ್ಯೆ. ಬೆಳ್ತಿಗೆ ಅಕ್ಕಿ 2 ಕಪ್ ನಾಲ್ಕು ಗಂಟೆ ನೆನೆಸು. ಹಣ್ಣಾದ ಮುಳ್ಳುಸೌತೆಯ ತುರಿ 3 ಕಪ್, ತೆಂಗಿನತುರಿ 1 ಕಪ್, ಬೆಲ್ಲ ಒಂದೂವರೆ ಕಪ್, ಚಿಟಿಕೆ ಉಪ್ಪು. ಸೌತೆಯ ತುದಿ ಕಚ್ಚಿ ನೋಡು, ಕಹಿ ಇದ್ದರೆ ಬೇಡವೇ ಬೇಡ. ನೀರು ಹಾಕದೆ ತರಿತರಿಯಾಗಿ ಅರೆ, ಸೌತೆಯೇ ನೀರು ಬಿಡುತ್ತದೆ. ಪುಡಿ ಒಂದು ಟೀ ಚಮಚ, ಅಷ್ಟೇ. ಬಾಡಿಸಿದ ಬಾಳೆಲೆ ಹಾಸಿದ ಉರುಳಿಗೆ ಹಿಟ್ಟು ಸುರಿದು, ಗೆರಟೆಯ ಕೆಂಡ ಕೆಳಗೊಂದಿಷ್ಟು, ಮುಚ್ಚಳದ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ನಿನ್ನ ಓವನಿನಲ್ಲಿ 180 ಡಿಗ್ರಿಯಲ್ಲಿ ಒಂದು ಗಂಟೆ. ಬಾಳೆಲೆಯ ಅಂಚು ಕಪ್ಪಾಗಿ ಸುಟ್ಟ ವಾಸನೆ ಬರತೊಡಗಿದಾಗ ಕಡ್ಡಿ ಚುಚ್ಚಿ ನೋಡು. ತಣಿಯುವ ಮೊದಲು ಕೊಯ್ದರೆ ಪುಡಿಪುಡಿಯಾಗುತ್ತದೆ, ಮಕ್ಕಳು ಎಷ್ಟೇ ಹಠ ಮಾಡಲಿ.

• ಸೌತೆ ಸಿಗದಿದ್ದರೆ ಅಲ್ಲಿಯ ಸಿಹಿಕುಂಬಳವನ್ನೇ ತುರಿದು ಹಾಕು. ನೀರು ಕಡಿಮೆ ಬಿಡುತ್ತದೆ, ತೆಂಗಿನಹಾಲು ಸ್ವಲ್ಪ ಬೇಕಾದೀತು. ಬಣ್ಣ ನಮ್ಮದಕ್ಕಿಂತ ಚೆಂದ ಬರುತ್ತದೆ, ಒಪ್ಪುತ್ತೇನೆ.

• ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಬರುವ ನೆಂಟರಲ್ಲಿ ಜೈನರೂ ಇರುತ್ತಾರೆ. ಹಸಿಶುಂಠಿ ಅವರಿಗೆ ಆಗುವುದಿಲ್ಲ, ಒಣಶುಂಠಿ ಹೆಚ್ಚಿನವರಿಗೆ ನಡೆಯುತ್ತದೆ. ಆದರೂ ಕೇಳಿಯೇ ಬಡಿಸುವುದು. ಹೊತ್ತು ಮುಳುಗಿದ ಮೇಲೆ ಉಣ್ಣದವರೂ ಉಂಟು, ಅವರಿಗೆ ಸಂಜೆಯ ಕಾಫಿಯ ಜೊತೆಗೇ ಕೊಟ್ಟುಬಿಡು.

• ಏಲಕ್ಕಿ ಸಿಪ್ಪೆ ಬಿಸಾಡಬೇಡ, ಚಹಾಪುಡಿಯ ಡಬ್ಬಿಗೆ ಹಾಕು. ಜಾಯಿಕಾಯಿಯ ಹೊರಗಿನ ದಪ್ಪ ಸಿಪ್ಪೆಯ ಉಪ್ಪಿನಕಾಯಿ ಹಾಕಿದ್ದೇನೆ. ಡಿಸೆಂಬರಿಗೆ ಬಂದಾಗ ಒಂದು ಭರಣಿ ಕಟ್ಟಿ ಕೊಡುತ್ತೇನೆ, ಸೂಟ್‌ಕೇಸಿನಲ್ಲಿ ಜಾಗ ಇಟ್ಟುಕೊಂಡು ಬಾ.