ಗೋದಲಿಗೆ ಸಾಲ ಬೇಡ, ಮಕ್ಕಳೇ

ದೀಪಾವಳಿಯ ಗೂಡುದೀಪ ಇಳಿಸುವ ಹೊತ್ತಿಗೆ ಉಡುಪಿ, ಕಾರ್ಕಳ ಪೇಟೆಯ ಅಂಗಡಿಗಳ ಮುಂದೆ ಕ್ರಿಸ್ಮಸ್ ನಕ್ಷತ್ರಗಳು ತೂಗತೊಡಗುತ್ತವೆ. ಹೊಸದಾಗಿ ಮನೆ ಹೂಡಿದ ನಿಮ್ಮಂಥವರ ಮನಸ್ಸಿನಲ್ಲಿ ಆಗಲೇ ಲೆಕ್ಕ ಶುರುವಾಗುತ್ತದೆ. ನಕ್ಷತ್ರಕ್ಕೆ ಇಷ್ಟು, ಮರಕ್ಕೆ ಇಷ್ಟು, ಬಲ್ಬಿನ ಸರಕ್ಕೆ ಇಷ್ಟು, ಗೋದಲಿಗೆ ಇಷ್ಟು. ಮನೆ ಬಾಡಿಗೆ, ಬೈಕಿನ ಕಂತು ಕಳೆದು ಉಳಿದದ್ದರಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯ? ಎದುರು ಮನೆಯ ಬಾಲ್ಕನಿ ಮಿನುಗುವಾಗ ನಮ್ಮದು ಮಂಕಾಗಿ ಕಾಣಬಾರದೆಂದು ಕೆಲವರು ಕೈಸಾಲಕ್ಕೂ ಮುಂದಾಗುತ್ತಾರೆ. ಬೇಡ ಮಕ್ಕಳೇ. ಈ ಹಬ್ಬಕ್ಕೆ ಸಾಲ ಮಾಡಬೇಡಿ. ನಿಮ್ಮ ಮನೆಯ ಅಟ್ಟ, ಹಿತ್ತಿಲು, ಊರ ಗುಜರಿ ಅಂಗಡಿ ಇಷ್ಟರಲ್ಲೇ ಒಂದು ಚೆಂದದ ಕ್ರಿಸ್ಮಸ್ ಇದೆ. ಅದನ್ನು ಹೊರತೆಗೆಯಲು ಬೇಕಾದದ್ದು ನಾಲ್ಕು ವಾರದ ಸಂಜೆಗಳು.

ಗೋದಲಿಯ ಮೂಲವೇ ಬಡತನದಲ್ಲಿದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಬೆತ್ಲೆಹೇಮಿನ ದೃಶ್ಯವನ್ನು ಜನರ ಕಣ್ಣಿಗೆ ಕಟ್ಟಿಕೊಟ್ಟಾಗ ಅಲ್ಲಿದ್ದದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವನ್ನು ನೆನೆಯಲು ಕೊಟ್ಟಿಗೆಯ ಸಾಮಾನೇ ಸಾಕೆಂದು ಅವರಿಗೆ ಗೊತ್ತಿತ್ತು. ಬೈಹುಲ್ಲಿನ ಗೋದಲಿ ಇಟ್ಟ ಮನೆಯವರು ಯಾರೆದುರೂ ತಲೆ ತಗ್ಗಿಸಬೇಕಾಗಿಲ್ಲ.

ಮೊದಲ ಕಿವಿಮಾತು, ಬೇಗ ಕೈ ಹಚ್ಚಿ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ತಯಾರಿಗೆಂದೇ ಇರುವುದು. ಇಪ್ಪತ್ಮೂರನೇ ತಾರೀಕು ಎಚ್ಚೆತ್ತವರಿಗೆ ಅಂಗಡಿ ಬಿಟ್ಟರೆ ಬೇರೆ ದಾರಿಯಿಲ್ಲ. ಮೊದಲ ವಾರ ಸಾಮಾನು ಒಟ್ಟುಮಾಡಿ, ಎರಡನೇ ವಾರ ನಕ್ಷತ್ರ, ಮೂರನೇ ವಾರ ಮರ, ಕೊನೆಯ ವಾರ ಗೋದಲಿ. ದಿನಕ್ಕೆ ಒಂದು ಗಂಟೆ ಮೊಬೈಲ್ ಕೆಳಗಿಟ್ಟರೆ ಎಲ್ಲವೂ ಆಗುತ್ತದೆ.

ನಕ್ಷತ್ರದ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡುವ ಕೈಗಳು ತುಳುನಾಡಿನ ಊರೂರಲ್ಲಿವೆ. ನಿಮ್ಮ ನೆರೆಮನೆಯ ಅಜ್ಜನಿಗೆ ಅದು ಬರುತ್ತಿದ್ದರೆ ಹೋಗಿ ಕೇಳಿ. ಅವರು ಸಂತೋಷದಿಂದ ಕಲಿಸುತ್ತಾರೆ, ಹಳೆಯ ಗೂಡುದೀಪದ ಬಿದಿರನ್ನೂ ಕೊಟ್ಟಾರು. ಎರಡು ಅಡಿಯ ಹತ್ತು ಕಡ್ಡಿ, ಐದು ಇಂಚಿನ ಐದು ತುಂಡು ಸಾಕು. ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುತ್ತೀರಲ್ಲ, ಅದೇ ಕ್ರಮದಲ್ಲಿ ಐದೈದು ಕಡ್ಡಿ ಜೋಡಿಸಿ ಎರಡು ನಕ್ಷತ್ರ ಕಟ್ಟಿ. ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನೂ ನೂಲಿನಿಂದ ಬಿಗಿಯಿರಿ. ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಆ ಸಣ್ಣ ತುಂಡುಗಳನ್ನು ನಿಲ್ಲಿಸಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಮೈದಾ ಕುದಿಸಿದ ಗೋಂದಿನಲ್ಲಿ ಕಾಗದ ಅಂಟಿಸಿ, ಹಿಂಬದಿಯಲ್ಲಿ ಬಲ್ಬಿಗೆ ಬಾಯಿ ಬಿಡಿ. ಹಳೆಯ ನಲ್ವತ್ತು ವಾಟಿನ ಬಲ್ಬು ಕಾಗದವನ್ನು ಸುಟ್ಟೀತು. ಸಣ್ಣ ಎಲ್‌ಇಡಿ ಬಲ್ಬನ್ನೇ ಹಾಕಿ, ಅದೂ ಕಾಗದಕ್ಕೆ ತಾಗದ ಹಾಗೆ. ಡಿಸೆಂಬರಿನ ಇಬ್ಬನಿಗೆ ಕಾಗದ ಜೋಲುತ್ತದೆ, ಆದ್ದರಿಂದ ಮಾಡಿನ ಅಡಿಯಲ್ಲೇ ತೂಗುಹಾಕಿ.

ಮರಕ್ಕೆ ಹಣ ಕೊಡಬೇಡಿ. ನಾಲ್ಕು ತಿಂಗಳ ಮಳೆ ಮುಗಿದ ಮೇಲೆ ನಮ್ಮ ಕಡೆ ಮುರಿದ ಕೊಡೆ ಇಲ್ಲದ ಮನೆ ಸಿಗುವುದು ಕಷ್ಟ. ಉದ್ದನೆಯ ಕೊಡೆಯೊಂದರ ಬಟ್ಟೆ ಕಳಚಿ, ತುದಿ ಮೇಲಾಗಿ ಅರ್ಧ ಬಿಚ್ಚಿ, ಹಿಡಿಯನ್ನು ಮರಳು ತುಂಬಿದ ಡಬ್ಬದಲ್ಲಿ ನಿಲ್ಲಿಸಿ. ಕಡ್ಡಿಗಳು ಮತ್ತೆ ಮುಚ್ಚಿಕೊಳ್ಳದಂತೆ ತಂತಿಯಿಂದ ಬಿಗಿಯಿರಿ. ಹಳೆಯ ಹಸಿರು ಸೀರೆಯನ್ನು ಉದ್ದುದ್ದ ಹರಿದು ಕಡ್ಡಿಯಿಂದ ಕಡ್ಡಿಗೆ ಸುತ್ತುತ್ತ ಬನ್ನಿ. ಕೆಳಗೆ ಅಗಲ, ಮೇಲೆ ಚೂಪು, ಮರ ಸಿದ್ಧ. ಕೊಡೆಯ ಕಡ್ಡಿ ಲೋಹ, ಹಾಗಾಗಿ ಮನೆಯ ಕರೆಂಟಿನ ಸರ ಅದಕ್ಕೆ ಸುತ್ತಬಾರದು; ಬ್ಯಾಟರಿಯ ಸರ ಮಾತ್ರ. ಕಾಪು, ಪಡುಬಿದ್ರಿಯ ಕಡಲ ತೀರದ ಗಾಳಿಮರದ ಕೊಂಬೆ ಕಡಿದು ತರುವ ಯೋಚನೆ ಬಿಡಿ, ಅವು ಮರಳನ್ನೂ ಗಾಳಿಯನ್ನೂ ತಡೆದು ನಿಂತಿರುವ ಮರಗಳು. ಅವುಗಳ ಬುಡದಲ್ಲಿ ಉದುರಿದ ಪುಟ್ಟ ಕಾಯಿಗಳನ್ನು ಹೆಕ್ಕಿ ತನ್ನಿ. ನೂಲಿನಲ್ಲಿ ಪೋಣಿಸಿ, ತುದಿಗೆ ಸ್ವಲ್ಪ ಬಿಳಿ ಬಣ್ಣ ಹಚ್ಚಿದರೆ ಅವೇ ಮರದ ಸಿಂಗಾರ. ಮದುವೆಯ ಹಳೆಯ ಕರೆಯೋಲೆಗಳ ಬಂಗಾರದ ಬಣ್ಣದ ರಟ್ಟನ್ನು ನಕ್ಷತ್ರವಾಗಿ ಕತ್ತರಿಸಿ. ಸೀರೆಯ ಜರಿ ಅಂಚು ಹಾರವಾಗುತ್ತದೆ. ಗೆರಟೆಯನ್ನು ನುಣ್ಣಗೆ ಉಜ್ಜಿ ಒಳಗೆ ಬಣ್ಣ ಬಳಿದರೆ ತೂಗುವ ಗಂಟೆ. ಕಾರ್ಕಳದ ಕಡೆಯವರಿಗೆ ಅಡಿಕೆ ಹಾಳೆಗೆ ಬರವಿಲ್ಲ. ನೀರಲ್ಲಿ ನೆನೆಸಿದ ಹಾಳೆ ಕತ್ತರಿಗೆ ಸುಲಭವಾಗಿ ಬಗ್ಗುತ್ತದೆ. ಅದರಲ್ಲಿ ದೇವದೂತರ ರೆಕ್ಕೆ ಮಾಡಿ, ಕ್ರಿಸ್ಮಸ್ ತಿಂಡಿ ಕುಸ್ವಾರ್ ಹಂಚುವ ತಟ್ಟೆಯನ್ನೂ ಮಾಡಿ.

ಗೋದಲಿಗೆ ಹೆಚ್ಚು ಮನಸ್ಸಿಡಿ. ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಮೇಲೆ ಕೆಳಗೆ ಜೋಡಿಸಿದರೆ ಬೆಟ್ಟದ ಎಲುಬು. ಕುಚ್ಚಲಕ್ಕಿ ಗಂಜಿಯ ದಪ್ಪ ತಿಳಿಗೆ ನಮ್ಮ ಕೆಂಪು ಮಣ್ಣು ಕಲಸಿ, ಹಳೆಯ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಪೆಟ್ಟಿಗೆಗಳ ಮೇಲೆ ಹೊದಿಸಿ, ಎರಡು ದಿನ ಬಿಸಿಲಿಗಿಡಿ. ಒಣಗಿದ ಮೇಲೆ ಅದು ಮುರಕಲ್ಲಿನ ಗುಡ್ಡವೇ. ಮಣಿಪಾಲ, ಕಾರ್ಕಳದ ಪದವುಗಳಲ್ಲಿ ಆ ಹೊತ್ತಿಗೆ ಮುಳಿಹುಲ್ಲು ಒಣಗಿರುತ್ತದೆ; ಜಾಗದವರನ್ನು ಕೇಳಿ ಒಂದು ಹಿಡಿ ತಂದರೆ ಕೊಟ್ಟಿಗೆಯ ಮಾಡಿಗೆ ಸಾಕು. ಹಸಿರಿಗೆ ಹದಿನಾಲ್ಕು, ಹದಿನೈದನೇ ತಾರೀಕಿಗೆ ಹಳೆಯ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ನೀರು ಚಿಮುಕಿಸುತ್ತಿರಿ. ಹಬ್ಬದ ದಿನ ಬೆರಳುದ್ದದ ಹುಲ್ಲುಗಾವಲು ಇರುತ್ತದೆ. ಕಾಡಿನ ಪಾಚಿ ಕೆರೆದು ತರಬೇಡಿ, ಕಡಲ ತೀರದಲ್ಲಿ ಜೀವವಿರುವ ಚಿಪ್ಪು ಎತ್ತಬೇಡಿ. ಕಿವಿ ಮುರಿದ ಕತ್ತೆ, ಕೈ ಹೋದ ಕುರುಬನ ಗೊಂಬೆಯನ್ನು ಎಸೆಯಬೇಡಿ. ನೆನೆಸಿ ಅರೆದ ಕಾಗದಕ್ಕೆ ಗೋಂದು ಸೇರಿಸಿ ಮುರಿದ ಭಾಗ ತುಂಬಿ, ಒಣಗಿದ ಮೇಲೆ ಬಣ್ಣ ಹಚ್ಚಿ. ಕಲ್ಯಾಣಪುರದ ಮಿಲಾಗ್ರಿಸಿನಿಂದ ಕಾರ್ಕಳದ ಅತ್ತೂರಿನವರೆಗೆ ಚರ್ಚುಗಳಲ್ಲಿ ಯುವಕರು ಗೋದಲಿ ಕಟ್ಟುವಾಗ ಹೋಗಿ ಕೈ ಜೋಡಿಸಿ, ಕಣ್ಣಾರೆ ಕಲಿತದ್ದು ಮರೆಯುವುದಿಲ್ಲ.

ಮಣಿಪಾಲದ ಹಾಸ್ಟೆಲಿನಲ್ಲಿ, ಊರಿನಿಂದ ದೂರ ಹಬ್ಬ ಮಾಡುವ ಮಕ್ಕಳಿಗೂ ಒಂದು ಮಾತು. ಆನ್‌ಲೈನ್ ಪಾರ್ಸೆಲಿನ ರಟ್ಟು, ಒಂದೇ ಬದಿ ಮುದ್ರಿಸಿದ ಹಾಳೆಗಳು ನಿಮ್ಮ ಬಂಡವಾಳ. ಇಂದು ಲೋಕವೆಲ್ಲ ತೂಗುಹಾಕುವ ಮೊರೇವಿಯನ್ ನಕ್ಷತ್ರ ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಒಂದು ವಸತಿಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ ಕಾಗದದಲ್ಲೇ ಹುಟ್ಟಿದ್ದು. ಮನೆಯಿಂದ ದೂರವಿದ್ದ ಮಕ್ಕಳೇ ಅದನ್ನು ಮಡಚಿದ್ದು. ನೀವೂ ಮಡಚಿ, ಆದರೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಬೇಡಿ.

ಹಳೆಯದನ್ನು ಕೊಳ್ಳುವಾಗ ಕಣ್ಣು ತೆರೆದಿರಲಿ. ಬಲ್ಬಿನ ಸರವನ್ನು ಅಂಗಡಿಯಲ್ಲೇ ಉರಿಸಿ ನೋಡಿ. ತಂತಿಯ ಹೊದಿಕೆ ಬಿರುಕು ಬಿಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಥರ್ಮಾಕೋಲ್ ಮುಟ್ಟಬೇಡಿ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಹೊಳೆಯಲ್ಲಿ ತೇಲಿ ಕಡಲು ಸೇರುವ ಆ ಬಿಳಿ ಕಾಳು ನಮ್ಮ ಮೀನುಗಾರರ ಬಲೆಗೆ ಬರಬಾರದು.

ಹಳೆಯ ಸಾಮಾನೆಂದು ಕೆಲಸ ಒರಟಾಗಬಾರದು. ಅಂಚು ನೇರವಾಗಿ ಕತ್ತರಿಸಿ, ಗೋಂದು ಒರೆಸಿ, ಬಣ್ಣ ಎರಡು ಸಾಕು, ಹೆಚ್ಚೆಂದರೆ ಮೂರು. ಅಚ್ಚುಕಟ್ಟಿಗೆ ಹಣ ಬೇಡ, ತಾಳ್ಮೆ ಬೇಕು. ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ನಕ್ಷತ್ರದ ಕಾಗದ ಬಿಡಿಸಿ, ಬಿದಿರನ್ನು ಅಟ್ಟದಲ್ಲಿ ಒಣ ಜಾಗಕ್ಕೆ ತೂಗುಹಾಕಿ. ಮುಂದಿನ ವರ್ಷ ಕಾಗದದ ಖರ್ಚು ಮಾತ್ರ.

ಉಳಿದ ಹಣ ಎಲ್ಲಿಗೆ ಹೋಗಬೇಕೆಂದು ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಅದು ತಾನಾಗಿ ಕರಗುತ್ತದೆ. ಹಬ್ಬ ಮಾಡಲಾಗದ ಒಂದು ಮನೆಗೆ ಅಕ್ಕಿ, ಬೆಲ್ಲ, ಎಣ್ಣೆ ಮುಟ್ಟಿಸಿ, ಯಾರಿಗೂ ಹೇಳದೆ. ಮೊದಲ ನಕ್ಷತ್ರವನ್ನು ನಿಮ್ಮ ಮನೆಗೆ ಕಟ್ಟಿ. ಎರಡನೆಯದನ್ನು ಕಟ್ಟುವಾಗ ಪಕ್ಕದ ಮನೆಯ ಮಗುವನ್ನು, ಅದು ಯಾವ ಧರ್ಮದ್ದೇ ಇರಲಿ, ಜೊತೆಗೆ ಕೂರಿಸಿಕೊಳ್ಳಿ. ಮೂರನೆಯದನ್ನು ಆ ಮಗುವೇ ಕಟ್ಟಲಿ. ಗಂಟು ಸಡಿಲವಾದರೆ ಬಿಚ್ಚಿ ಇನ್ನೊಮ್ಮೆ ತೋರಿಸಿಕೊಡಿ.