ಆ್ಯಡ್ ಬ್ಲಾಕರ್ ಇಲ್ಲದೆಯೂ ‘ಆಫ್ ಮಾಡಿ’ ಎನ್ನುವ ಸೈಟ್: ಹೀಗೆ ದಾಟಿ

ಮಹಾರಾಷ್ಟ್ರದ ಜಳಕೋಟ, ನಿಲಂಗಾ, ಉಮರ್ಗಾ ಕಡೆಯ ಎಷ್ಟೋ ಹುಡುಗರಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರೀಕ್ಷೆಯ ತಯಾರಿಗೆ ಮೊಬೈಲೇ ಲೈಬ್ರರಿ. ರಾತ್ರಿ ಹಳೆಯ ಪ್ರಶ್ನೆಪತ್ರಿಕೆ ತೆರೆದರೆ ಪರದೆ ಮಬ್ಬಾಗಿ ನಡುವೆ ಬಿಳಿ ಚೌಕವೊಂದು ಮೂಡುತ್ತದೆ: ‘ಆ್ಯಡ್ ಬ್ಲಾಕರ್ ಆಫ್ ಮಾಡಿ’. ನೀವು ಹಾಕಿಕೊಂಡೇ ಇಲ್ಲ! ‘ಇದೆಲ್ಲ ನನಗೆ ತಿಳಿಯಲ್ಲ’ ಅನ್ನುವ ಚಾಳಿಯನ್ನು ಇವತ್ತೇ ಬಿಡಿ.

1. ಸೈಟ್ ಹೇಗೆ ಊಹಿಸುತ್ತದೆ ಎಂದು ತಿಳಿಯಿರಿ.
ಜಾಹೀರಾತಿನ ಹೆಸರಿರುವ ಒಂದು ಫೈಲನ್ನು ಅದು ಎರೆಯಾಗಿ ಇಟ್ಟಿರುತ್ತದೆ. ಫೈಲ್ ಲೋಡ್ ಆಗದಿದ್ದರೆ ಬ್ಲಾಕರ್ ಇದೆ ಎಂದುಕೊಳ್ಳುತ್ತದೆ. ನೆಟ್‌ವರ್ಕ್ ಕುಂಟಿದರೂ ಫೈಲ್ ಬರುವುದಿಲ್ಲ. ಸಿಗ್ನಲ್ ಚೆನ್ನಾಗಿರುವಲ್ಲಿ ನಿಂತು ಮೊದಲು ರಿಫ್ರೆಶ್ ಮಾಡಿ.

2. ಪ್ರೈವೇಟ್ ಡಿಎನ್‌ಎಸ್ ನೋಡಿ.
ನನ್ನ ಪ್ರಕಾರ ಮೊಬೈಲ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. 2018ರ ಆಂಡ್ರಾಯ್ಡ್ 9ರಿಂದ ಈ ಸೌಲಭ್ಯವಿದೆ. ಗೇಮ್ ನಡುವೆ ಜಾಹೀರಾತು ಬರಬಾರದೆಂದು ಗೆಳೆಯನೊಬ್ಬ ನಿಮ್ಮ ಫೋನಿನಲ್ಲಿ ಜಾಹೀರಾತು ತಡೆಯುವ ಆ್ಯಡ್‌ಗಾರ್ಡ್ ಡಿಎನ್‌ಎಸ್ ವಿಳಾಸ ಹಾಕಿಕೊಟ್ಟಿರುತ್ತಾನೆ, ಇಬ್ಬರೂ ಮರೆತಿರುತ್ತೀರಿ. ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಹುಡುಕಿ, ‘ಆಟೊಮ್ಯಾಟಿಕ್’ ಒತ್ತಿ. ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಕೆಲವು ವಿಪಿಎನ್‌ಗಳು ತಾವೇ ಜಾಹೀರಾತು ತಡೆಯುತ್ತವೆ.

3. ಬ್ರೇವ್ ಬಳಸುತ್ತೀರಾ? ಸಿಂಹದ ಚಿತ್ರ ಒತ್ತಿ.
ಈ ಬ್ರೌಸರ್ ಜಾಹೀರಾತನ್ನು ತಾನಾಗಿಯೇ ತಡೆಯುತ್ತದೆ. ಆ ಒಂದು ಸೈಟ್‌ಗೆ ಮಾತ್ರ ‘ಶೀಲ್ಡ್ಸ್’ ಎಂಬ ಆ ತಡೆಯನ್ನು ಆಫ್ ಮಾಡಿ.

4. ಕಂಪ್ಯೂಟರ್‌ನಲ್ಲಿ ಕ್ರೋಮ್‌ನ ಇನ್‌ಕಾಗ್ನಿಟೊ ತೆರೆಯಿರಿ.
ನೀವು ಅನುಮತಿ ಕೊಡದೆ ಅಲ್ಲಿ ಎಕ್ಸ್‌ಟೆನ್ಶನ್ ಓಡುವುದಿಲ್ಲ. ಪುಟ ತೆರೆದರೆ ಅನುಮಾನ ಎಕ್ಸ್‌ಟೆನ್ಶನ್ ಮೇಲೆ. ಒಂದೊಂದನ್ನೇ ಆಫ್ ಮಾಡಿ. ಎಲ್ಲ ಒಟ್ಟಿಗೆ ಕಿತ್ತರೆ ಕಳ್ಳ ಸಿಗುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಈ ಪರೀಕ್ಷೆ ನಂಬಬೇಡಿ. ಅದರ ಪ್ರೈವೇಟ್ ವಿಂಡೊ 2015ರಿಂದ ಟ್ರ್ಯಾಕಿಂಗ್ ಸ್ಕ್ರಿಪ್ಟ್‌ಗಳನ್ನು ತಾನೇ ತಡೆಯುತ್ತಿದೆ.

5. ಕಂಪ್ಯೂಟರ್‌ನಲ್ಲಿ ಎಫ್12 ಒತ್ತುವ ಧೈರ್ಯ ಮಾಡಿ.
‘ನೆಟ್‌ವರ್ಕ್’ ಟ್ಯಾಬ್ ತೆರೆದು ರಿಫ್ರೆಶ್ ಮಾಡಿ, ಕೆಂಪು ಸಾಲು ಓದಿ. ‘ಬ್ಲಾಕ್ಡ್ ಬೈ ಕ್ಲಯಂಟ್’ ಎಂದಿದ್ದರೆ ತಡೆದದ್ದು ನಿಮ್ಮ ಬ್ರೌಸರೇ, ಇಲ್ಲವೇ ಅದರ ಎಕ್ಸ್‌ಟೆನ್ಶನ್. ‘ನೇಮ್ ನಾಟ್ ರಿಸಾಲ್ವ್ಡ್’ ಎಂದಿದ್ದರೆ ಡಿಎನ್‌ಎಸ್ ಕಡೆ ಹೋಗಿ. ‘ಟೈಮ್ಡ್ ಔಟ್’ ಎಂದಿದ್ದರೆ ಮೊದಲು ನೆಟ್‌ವರ್ಕ್ ನೋಡಿ. ಇದನ್ನು ಓದಲು ಕಲಿತವರು ನಾಳೆ ಆಫೀಸಿನಲ್ಲೂ ನಾಲ್ಕು ಜನಕ್ಕೆ ಬೇಕಾಗುತ್ತಾರೆ.

6. ಪಾಪ್‌ಅಪ್ ಹೇಳಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡಬೇಡಿ.
‘ಮುಂದುವರಿಯಲು ಈ ಆ್ಯಪ್ ಹಾಕಿ’, ‘ನೋಟಿಫಿಕೇಶನ್ ಅಲೌ ಮಾಡಿ’ ಎಂದರೆ ಟ್ಯಾಬ್ ಮುಚ್ಚಿ. ಎಂಪಿಎಸ್‌ಸಿ, ಕೆಪಿಎಸ್‌ಸಿ ಹಳೆಯ ಪ್ರಶ್ನೆಪತ್ರಿಕೆಗಳು ಆಯೋಗಗಳ ಸ್ವಂತ ಸೈಟ್‌ನಲ್ಲೇ ಸಿಗುತ್ತವೆ.